ಗಿಡ್ಡ ಜೀಪಿಗೆ ಟ್ರೇಲರ್ ಕಟ್ಟುವ ಮುನ್ನ

ಲೇಕ್ ತಾಹೋದಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ವಾಪಸ್ ಬರುತ್ತಿದ್ದೆವು. ಐ-80 ಹೆದ್ದಾರಿಯಲ್ಲಿ ಡಾನರ್ ಘಾಟಿ ದಾಟಿದ ಮೇಲೆ ಇಳಿಜಾರು ಮುಗಿಯುವುದೇ ಇಲ್ಲ. ನನ್ನದು ಎರಡು ಬಾಗಿಲಿನ ಜೀಪ್ ರ‍್ಯಾಂಗ್ಲರ್, ಹಿಂದೆ ಸಾಮಾನು ಸೇರಿ 1,800 ಪೌಂಡಿನ ಪುಟ್ಟ ಕ್ಯಾಂಪಿಂಗ್ ಟ್ರೇಲರ್. ಎಡಗಡೆಯ ಕಾರೊಂದು ಸೂಚನೆ ಕೊಡದೆ ಮುಂದೆ ನುಗ್ಗಿತು. ಬ್ರೇಕ್ ತುಳಿದೆ. ಒಂದು ಕ್ಷಣ ಜೀಪ್ ನಿಧಾನವಾಯಿತು, ಟ್ರೇಲರ್ ಆಗಲಿಲ್ಲ. ಹಿಂದಿನಿಂದ ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ ಜೀಪಿನ ಹಿಂಭಾಗ ಎಡಕ್ಕೆ ಸರಿಯಿತು. ಆಮೇಲೆ ಟ್ರೇಲರ್ ಬ್ರೇಕ್ ಹಿಡಿಯಿತು, ಗಾಡಿ ನೇರವಾಯಿತು. ಅಷ್ಟರಲ್ಲಿ ನನ್ನ ಕೈ ಡ್ಯಾಶ್‌ಬೋರ್ಡಿನ ಕೆಳಗೆ, ಎಡ ಮೊಣಕಾಲಿನ ಹತ್ತಿರ, ಟ್ರೇಲರಿಗೆ ಮಾತ್ರ ಬ್ರೇಕ್ ಕೊಡುವ ಸನ್ನೆಗಾಗಿ (ಲಿವರಿಗಾಗಿ) ತಡಕಾಡುತ್ತಿತ್ತು.

ತಪ್ಪು ಎರಡಿದ್ದವು, ಎರಡೂ ನನ್ನವೇ. ಅಗ್ಗಕ್ಕೆ ಸಿಕ್ಕಿತು ಅಂತ ಯಾವುದೋ ಬ್ರೇಕ್ ಕಂಟ್ರೋಲರ್, ಅಂದರೆ ಜೀಪಿನೊಳಗೆ ಕೂತು ಟ್ರೇಲರಿನ ಬ್ರೇಕ್ ನಡೆಸುವ ಪೆಟ್ಟಿಗೆ, ಕೊಂಡಿದ್ದೆ. ಜಾಗ ಸಿಕ್ಕಿತು ಅಂತ ಎಲ್ಲೋ ಕೂರಿಸಿದ್ದೆ. ಉದ್ದದ ಪಿಕಪ್ ಟ್ರಕ್ ಆಗಿದ್ದರೆ ನಡೆದುಹೋಗುತ್ತಿತ್ತೇನೋ. ಗಿಡ್ಡ ಗಾಡಿಯಲ್ಲಿ ನಡೆಯುವುದಿಲ್ಲ.

ಗಿಡ್ಡ ಗಾಡಿಗೇ ಯಾಕೆ ಈ ಕಷ್ಟ

ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗಿನ ಅಂತರವೇ ವೀಲ್‌ಬೇಸ್. ಈಗಿನ ಎರಡು ಬಾಗಿಲಿನ ರ‍್ಯಾಂಗ್ಲರಿನದು 96.8 ಇಂಚು. ಊರಲ್ಲಿ ನೀವು ನೋಡುವ ಮೂರು ಬಾಗಿಲಿನ ಥಾರ್‌ನದೂ ಹೆಚ್ಚುಕಡಿಮೆ ಅಷ್ಟೇ, 2,450 ಮಿಲಿಮೀಟರ್. ಇಲ್ಲಿ ಎಲ್ಲರ ಮನೆ ಮುಂದೆ ನಿಂತಿರುವ ನಾಲ್ಕು ಬಾಗಿಲಿನ ಎಫ್-150 ಪಿಕಪ್ಪಿನದು 145 ಇಂಚು.

ಟ್ರೇಲರನ್ನು ಸಿಕ್ಕಿಸುವ ಬಾಲ್ ಇರುವುದು ಹಿಂದಿನ ಗಾಲಿಗಿಂತ ಹಿಂದೆ. ಆ ಅಂತರ 40 ಇಂಚು ಅಂದುಕೊಳ್ಳಿ. ಬಾಲ್ ಮೇಲೆ 180 ಪೌಂಡ್ ಭಾರ ಕೂತರೆ ಮುಂದಿನ ಗಾಲಿಗಳ ಮೇಲಿಂದ ಸುಮಾರು 75 ಪೌಂಡ್ ಎದ್ದುಹೋಗುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ. ಟ್ರೇಲರ್ ಅಡ್ಡಡ್ಡ ಎಳೆದಾಗಲೂ ಇದೇ ಸನ್ನೆಯ ಲೆಕ್ಕ. ವೀಲ್‌ಬೇಸ್ ಕಡಿಮೆಯಿದ್ದಷ್ಟೂ ಗಾಡಿ ಸುಲಭವಾಗಿ ತಿರುಗಿಬಿಡುತ್ತದೆ. ಬ್ರೇಕ್ ಹಾಕಿದಾಗ ಇನ್ನೂ ಕಷ್ಟ. ಭಾರ ಮುಂದಕ್ಕೆ ಸರಿದು ಹಿಂದಿನ ಗಾಲಿಗಳು ಹಗುರಾಗುತ್ತವೆ, ಟ್ರೇಲರ್ ತಳ್ಳುವುದು ಅಲ್ಲಿಗೇ. ಕಬ್ಬು ಹೇರಿದ ಟ್ರೇಲರ್ ಇಳಿಜಾರಲ್ಲಿ ಟ್ರ್ಯಾಕ್ಟರನ್ನು ಒತ್ತಿಕೊಂಡು ಬರುವುದನ್ನು ಮಂಡ್ಯದ ಕಡೆಯವರು ನೋಡಿಯೇ ಇರುತ್ತಾರೆ. ಅದನ್ನೇ 55 ಮೈಲಿ ವೇಗದಲ್ಲಿ ಊಹಿಸಿಕೊಳ್ಳಿ.

ಹಾಗಾಗಿ ಗಿಡ್ಡ ಗಾಡಿಗೆ ಬೇಕಾದ್ದು ಇಷ್ಟು: ಜೀಪ್ ನಿಲ್ಲಲು ಶುರುಮಾಡಿದ ಹೊತ್ತಿಗೇ ಟ್ರೇಲರ್ ಕೂಡ ನಿಲ್ಲಲು ಶುರುಮಾಡಬೇಕು.

ಮೊದಲು ಭಾರ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಗಾಡಿಯ ಕೈಪಿಡಿ ತೆಗೆಯಿರಿ. ನನ್ನ ಜೀಪಿನದರಲ್ಲಿ ಎಳೆಯುವ ಮಿತಿ 2,000 ಪೌಂಡ್, ಬಾಲ್ ಮೇಲಿನ ಭಾರದ ಮಿತಿ 200 ಪೌಂಡ್ ಅಂತ ಇದೆ. ಎತ್ತಿನ ಗಾಡಿ ಹೂಡಿದವರಿಗೆ ಮೂಕಿ ಭಾರ ಅಂದರೆ ತಟ್ಟನೆ ಅರ್ಥವಾಗುತ್ತದೆ. ಹೇರು ಹಿಂದಕ್ಕೆ ಜಾಸ್ತಿಯಾದರೆ ನೊಗ ಮೇಲೇಳುತ್ತದೆ, ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಅದೇ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಬಾಲ್ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ನನ್ನ ವಿಷಯದಲ್ಲಿ 180ಕ್ಕಿಂತ ಇಳಿಯಬಾರದು, 200 ದಾಟಬಾರದು. ನೀರಿನ ಕ್ಯಾನ್ ಎಲ್ಲಿಡಬೇಕು ಅನ್ನುವುದು ಕೂಡ ಲೆಕ್ಕವೇ.

ಟ್ರೇಲರಿನ ಉದ್ದದ ಬಗ್ಗೆಯೂ ಇಲ್ಲಿಯವರು ಒಂದು ಅಂದಾಜು ಹೇಳುತ್ತಾರೆ. 110 ಇಂಚು ವೀಲ್‌ಬೇಸಿಗೆ 20 ಅಡಿ ಟ್ರೇಲರ್, ಅಲ್ಲಿಂದ ಮುಂದೆ ಪ್ರತಿ 4 ಇಂಚಿಗೆ ಒಂದು ಅಡಿ. ಅದೇ ಲೆಕ್ಕದಲ್ಲಿ ಹಿಂದಕ್ಕೆ ಬಂದರೆ ನನ್ನ ಜೀಪಿಗೆ ಹದಿನಾರು ಅಡಿಯ ಆಸುಪಾಸು. ಇದು ಕಾನೂನಲ್ಲ, ವಿಜ್ಞಾನವೂ ಅಲ್ಲ. ಆದರೆ ಇದನ್ನು ಮೀರುವ ಮುಂಚೆ ನಾನಾದರೆ ಎರಡು ಸಲ ಯೋಚಿಸುತ್ತೇನೆ. ಭಾರ ತಪ್ಪಿದ ಟ್ರೇಲರನ್ನು ಯಾವ ಕಂಟ್ರೋಲರೂ ಸರಿಮಾಡುವುದಿಲ್ಲ.

ಟ್ರೇಲರಿನಲ್ಲಿ ಎಂಥ ಬ್ರೇಕ್ ಇದೆ?

ಇದನ್ನು ಕೇಳದೆ ಪೆಟ್ಟಿಗೆ ಕೊಂಡವರಿದ್ದಾರೆ. ದೋಣಿ ಸಾಗಿಸುವ ಎಷ್ಟೋ ಟ್ರೇಲರುಗಳಲ್ಲಿ ಸರ್ಜ್ ಬ್ರೇಕ್ ಇರುತ್ತದೆ. ಟ್ರೇಲರ್ ಮುಂದಕ್ಕೆ ಒತ್ತಿದಾಗ ಅದು ತಾನೇ ಹಿಡಿಯುತ್ತದೆ, ಅದಕ್ಕೆ ಕಂಟ್ರೋಲರ್ ಬೇಡ. ಗಾಲಿಯೊಳಗೆ ಮ್ಯಾಗ್ನೆಟ್ ಇರುವ ಎಲೆಕ್ಟ್ರಿಕ್ ಬ್ರೇಕ್ ಆದರೆ ಬೇಕೇ ಬೇಕು. ಬ್ರೇಕೇ ಇಲ್ಲದ ಟ್ರೇಲರ್ ಆದರೆ ರಾಜ್ಯದ ಕಾನೂನು ನೋಡಿ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮುಟ್ಟಿದ ಕ್ಯಾಂಪಿಂಗ್ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಟೆಕ್ಸಾಸಿನಲ್ಲಿ ಮಿತಿ 4,500 ಪೌಂಡ್. ಆಸ್ಟ್ರೇಲಿಯಾದಲ್ಲಿರುವವರು 750 ಕಿಲೋ ಅನ್ನುವ ಅಂಕಿ ನೆನಪಿಡಿ. ಕಾನೂನು ಏನೇ ಹೇಳಲಿ, ಗಿಡ್ಡ ಗಾಡಿಯ ಹಿಂದೆ ಬ್ರೇಕಿಲ್ಲದ ಭಾರದ ಟ್ರೇಲರ್ ಬೇಡ ಅನ್ನುವುದು ನನ್ನ ಮಾತು.

ಈಗ ಪೆಟ್ಟಿಗೆ ಆರಿಸೋಣ

ಅಗ್ಗದ್ದು ಟೈಮ್-ಡಿಲೇ ಪೆಟ್ಟಿಗೆ. ನೀವು ಬ್ರೇಕ್ ತುಳಿದಿದ್ದೀರಿ ಅನ್ನುವುದಷ್ಟೇ ಅದಕ್ಕೆ ಗೊತ್ತು, ಎಷ್ಟು ಗಟ್ಟಿಯಾಗಿ ತುಳಿದಿರಿ ಅನ್ನುವುದು ಗೊತ್ತಿಲ್ಲ. ಕರೆಂಟನ್ನು ಮೊದಲೇ ಹೊಂದಿಸಿಟ್ಟ ವೇಗದಲ್ಲಿ ನಿಧಾನಕ್ಕೆ ಏರಿಸುತ್ತಾ ಹೋಗುತ್ತದೆ. ನಿಧಾನಕ್ಕೆ ಹೊಂದಿಸಿದರೆ ಗಾಬರಿಯಲ್ಲಿ ತುಳಿದಾಗ ತಡವಾಗಿ ಹಿಡಿಯುತ್ತದೆ. 55 ಮೈಲಿ ವೇಗದಲ್ಲಿ ಒಂದು ಸೆಕೆಂಡ್ ಅಂದರೆ 80 ಅಡಿ. ಬೇಗಕ್ಕೆ ಹೊಂದಿಸಿದರೆ ಸಿಗ್ನಲಿನಲ್ಲಿ ಮೆಲ್ಲಗೆ ತುಳಿದರೂ ಟ್ರೇಲರ್ ಗಕ್ಕನೆ ಹಿಡಿದು ಜೀಪನ್ನು ಜಗ್ಗುತ್ತದೆ. ಡಾನರ್ ಇಳಿಜಾರಲ್ಲಿ ನನ್ನ ಹತ್ತಿರ ಇದ್ದದ್ದು ಇಂಥದೇ.

ನೀವು ಕೊಳ್ಳಬೇಕಾದ್ದು ಪ್ರೊಪೋರ್ಷನಲ್ ಕಂಟ್ರೋಲರ್. ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಅನ್ನುವುದನ್ನು ಒಳಗಿನ ಸೆನ್ಸರ್ ಅಳೆದು ಅಷ್ಟೇ ಪ್ರಮಾಣದಲ್ಲಿ ಟ್ರೇಲರಿಗೆ ಬ್ರೇಕ್ ಕೊಡುತ್ತದೆ. ಟೆಕೊನ್ಶಾ ಕಂಪನಿಯ ಪ್ರೈಮಸ್ ಐಕ್ಯೂ, ಪ್ರಾಡಿಜಿ ಪಿ3 ಈ ಜಾತಿಯವು. ಟೈಮ್-ಡಿಲೇಗಿಂತ ದುಡ್ಡು ಜಾಸ್ತಿ, ಆದರೆ ಇಲ್ಲಿ ಉಳಿಸಲು ಹೋಗಬೇಡಿ. ಪಿ3ಯಲ್ಲಿ ಬೂಸ್ಟ್ ಅಂತ ಒಂದು ಸೌಲಭ್ಯವಿದೆ. ಪೆಡಲ್ ಮುಟ್ಟಿದ ಕೂಡಲೇ ಟ್ರೇಲರಿಗೆ ಸ್ವಲ್ಪ ಮುಂಚಿತವಾಗಿಯೇ ಬ್ರೇಕ್ ಕೊಡುತ್ತದೆ, ಮೂರು ಹಂತಗಳಿವೆ. ಟ್ರೇಲರ್ ಜೀಪಿಗಿಂತ ಹಗುರ ಇದ್ದರೆ ಬೂಸ್ಟ್ ಇಲ್ಲದೆ ಶುರುಮಾಡಿ, ಬೇಕೆನಿಸಿದರೆ ಮೊದಲ ಹಂತಕ್ಕೆ ಹೋಗಿ. ಮೂರನೆಯದಕ್ಕೆ ಇಟ್ಟರೆ ಸಣ್ಣ ಟ್ರೇಲರಿನ ಗಾಲಿಗಳು ಸುಮ್ನೆ ಲಾಕ್ ಆಗುತ್ತವೆ.

ಆಸ್ಟ್ರೇಲಿಯಾದ ರೆಡ್‌ಆರ್ಕ್ ಕಂಪನಿಯ ಟೋ-ಪ್ರೋ ಎಲೀಟ್ ನನಗೆ ಇನ್ನೊಂದು ಕಾರಣಕ್ಕೆ ಇಷ್ಟ. ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಹುದುಗಿಸಬಹುದು, ಹೊರಗೆ ಕಾಣುವುದು ಒಂದು ಗುಂಡಿ ಮಾತ್ರ. ಜೀಪ್, ಸುಜುಕಿ ಜಿಮ್ನಿಯಂಥ ಇಕ್ಕಟ್ಟಿನ ಗಾಡಿಗಳಿಗೆ ಇದು ವರ. ಇನ್ನೊಂದು ವಿಷಯ: ಕಲ್ಲುಬಂಡೆಯ ಕಾಡುದಾರಿಯಲ್ಲಿ ಕುಲುಕಾಟಕ್ಕೆ ಸೆನ್ಸರ್ ಗಲಿಬಿಲಿಗೊಳ್ಳಬಹುದು. ಆಗ ಇದನ್ನು ಚಾಲಕ ತಾನೇ ಹೊಂದಿಸಿದ ಮಟ್ಟಕ್ಕೆ ಬದಲಿಸಿಕೊಳ್ಳಬಹುದು. ರ‍್ಯಾಂಗ್ಲರ್ ಕೊಳ್ಳುವವರು ಅಂಥ ದಾರಿಗೇ ಹೋಗುವವರು, ಅಲ್ವಾ?

ಪ್ಲಗ್ ನಡುವೆ ಸಿಕ್ಕಿಸಿ ಫೋನಿನಿಂದ ನಡೆಸುವ ಬ್ಲೂಟೂತ್ ಕಂಟ್ರೋಲರುಗಳೂ ಬಂದಿವೆ. ವೈರಿಂಗ್ ಗೋಜಿಲ್ಲ. ಆದರೆ ಟ್ರೇಲರ್ ಬಾಲ ಆಡಿಸುವಾಗ ಫೋನಿನ ಪರದೆ ಮುಟ್ಟುವ ತಾಳ್ಮೆ ನನಗಿಲ್ಲ. ಬ್ರೇಕ್ ಆಯಿಲಿನ ಒತ್ತಡ ಅಳೆಯುವ ಪೆಟ್ಟಿಗೆಗಳು ತುಂಬ ಚೆನ್ನಾಗಿ ಕೆಲಸ ಮಾಡುತ್ತವೆ. ಅದಕ್ಕೆ ಗಾಡಿಯ ಬ್ರೇಕ್ ಪೈಪಿಗೇ ಕೈ ಹಾಕಬೇಕು, ಹಾಗಾಗಿ ಸಣ್ಣ ಟ್ರೇಲರಿಗೆ ಬೇಡ.

ಎಲ್ಲಿ ಕೂರಿಸಬೇಕು

ಸೀಟಿನಲ್ಲಿ ಕೂತು ಬೆಲ್ಟ್ ಹಾಕಿ. ಕಣ್ಣು ಮುಚ್ಚಿ ಬಲಗೈ ಚಾಚಿ. ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಆ ಜಾಗದಲ್ಲಿ ಕಂಟ್ರೋಲರಿನ ಸನ್ನೆ ಇರಬೇಕು. ಯಾಕೆಂದರೆ ಟ್ರೇಲರ್ ಬಾಲ ಆಡಿಸಿದಾಗ ಜೀಪಿನ ಬ್ರೇಕ್ ಜೋರಾಗಿ ತುಳಿಯಬಾರದು, ಸ್ಟಿಯರಿಂಗ್ ತಿರುವಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಈ ಸನ್ನೆಯಿಂದ ಟ್ರೇಲರಿಗೆ ಮಾತ್ರ ಬ್ರೇಕ್ ಕೊಡಬೇಕು. ಆಗ ಟ್ರೇಲರ್ ಜೀಪನ್ನು ಹಿಂದಕ್ಕೆ ಜಗ್ಗಿ ಎರಡನ್ನೂ ನೇರ ಮಾಡುತ್ತದೆ. ಗಿಡ್ಡ ಗಾಡಿಗೆ ನಿಮ್ಮ ಕೈಲಿರುವ ಆಯುಧ ಇದೊಂದೇ.

ಮೊಣಕಾಲಿಗೆ ತಗಲಬಾರದು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿರಬಾರದು. ಪಿ3ಯನ್ನು ಮೇಲೆ ಕೆಳಗೆ ಯಾವ ಕೋನಕ್ಕಾದರೂ ಕೂರಿಸಬಹುದು, ಆದರೆ ಪೆಟ್ಟಿಗೆ ಗಾಡಿ ಹೋಗುವ ದಿಕ್ಕಿಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಸೆನ್ಸರ್ ತಪ್ಪು ಓದುತ್ತದೆ.

ನಾಲ್ಕು ವೈರು

ಕಪ್ಪು ಬ್ಯಾಟರಿಯಿಂದ, ಬಿಳಿ ಅರ್ಥಿಂಗಿಗೆ, ಕೆಂಪು ಬ್ರೇಕ್ ಲೈಟಿನ ಸ್ವಿಚ್ಚಿಗೆ, ನೀಲಿ ಟ್ರೇಲರಿಗೆ. ಕಪ್ಪು ವೈರಿಗೆ 20 ಆಂಪಿನ ಸರ್ಕ್ಯೂಟ್ ಬ್ರೇಕರ್ ಹಾಕಿ, ಒಂದು ಅಥವಾ ಎರಡು ಆಕ್ಸಲಿಗೆ ಅದು ಸಾಕು. ಗಾಡಿಯ ಹಿಂದೆ ನಾಲ್ಕು ಪಿನ್ನಿನ ಸಾಕೆಟ್ ಮಾತ್ರ ಇದ್ದರೆ ಅದರಲ್ಲಿ ಬರುವುದು ಲೈಟುಗಳಷ್ಟೇ. ಬ್ರೇಕಿಗೆ ಏಳು ಪಿನ್ನಿನದು ಬೇಕು. ನಿಮ್ಮ ಗಾಡಿಗೆಂದೇ ಮಾಡಿದ ಹಾರ್ನೆಸ್ (ವೈರುಗಳ ಸಿದ್ಧ ಕಟ್ಟು) ಸಿಕ್ಕರೆ ವೈರ್ ಕತ್ತರಿಸುವ ಕೆಲಸ ತಪ್ಪುತ್ತದೆ. ಕೈಪಳಗಿಲ್ಲದಿದ್ದರೆ ಮೆಕ್ಯಾನಿಕ್ ಕೈಲಿ ಮಾಡಿಸಿ, ಇದರಲ್ಲಿ ನಾಚಿಕೆಯೇನಿಲ್ಲ.

ಹೊಂದಿಸುವುದು

ಸಪಾಟಾದ, ಒಣಗಿದ, ಖಾಲಿ ರಸ್ತೆ ಹುಡುಕಿ. ಪ್ರವಾಸಕ್ಕೆ ಹೇರುವಷ್ಟೇ ಸಾಮಾನು ಹೇರಿ. 25 ಮೈಲಿ ವೇಗದಲ್ಲಿ ಹೋಗುತ್ತಾ ಕಂಟ್ರೋಲರಿನ ಸನ್ನೆಯನ್ನು ಪೂರ್ತಿ ಒತ್ತಿ. ಟ್ರೇಲರ್ ಎಳೆದ ಹಾಗೆ ಅನಿಸದಿದ್ದರೆ ಕಂಟ್ರೋಲರಿನ ಪವರ್ (ಟ್ರೇಲರ್ ಬ್ರೇಕಿಗೆ ಹೋಗುವ ಕರೆಂಟು) ಸ್ವಲ್ಪ ಏರಿಸಿ, ಮತ್ತೆ ಮಾಡಿ. ಗಾಲಿಗಳು ತಿರುಗುವುದು ನಿಂತು ರಸ್ತೆಗೆ ಉಜ್ಜುವವರೆಗೆ ಏರಿಸಿ, ಅಲ್ಲಿಂದ ಚೂರು ಇಳಿಸಿ. ಹೊರಗೆ ನಿಂತು ಗಾಲಿ ನೋಡಲು ಒಬ್ಬರಿದ್ದರೆ ಕೆಲಸ ಬೇಗ ಮುಗಿಯುತ್ತದೆ. ನನ್ನ ಮಗಳು ಈ ಕೆಲಸಕ್ಕೆ ಐಸ್‌ಕ್ರೀಮ್ ಕೇಳಿದಳು.

ಟ್ರೇಲರ್ ಹೊಸದಾದರೆ ಬ್ರೇಕಿನ ಲೈನಿಂಗ್ ಪಳಗಲು 40 ಮೈಲಿಯಿಂದ 20ಕ್ಕೆ ಇಳಿಸುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿ, ನಡುವೆ ಆರಲು ಬಿಡಿ. ಆಮೇಲೆ ಪವರ್ ಮತ್ತೆ ಹೊಂದಿಸಿ. ಸಾಮಾನು ಇಳಿಸಿ ಖಾಲಿ ಟ್ರೇಲರ್ ಎಳೆಯುವಾಗಲೂ ಅಷ್ಟೇ, ಮಳೆಯಲ್ಲೂ ಅಷ್ಟೇ: ಪವರ್ ಇಳಿಸಬೇಕು. ಉದ್ದ ಇಳಿಜಾರಲ್ಲಿ ಕಂಟ್ರೋಲರ್ ಇದೆಯಲ್ಲ ಅಂತ ಬ್ರೇಕ್ ಒತ್ತಿಕೊಂಡೇ ಇರಬೇಡಿ. ಡ್ರಮ್ ಕಾದರೆ ಹಿಡಿತ ಹೋಗುತ್ತದೆ. ಕೆಳ ಗೇರಿಗೆ ಹಾಕಿ ಇಳಿಯಿರಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿಯೇ 55 ಮೈಲಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಹೊರಡುವ ಮುನ್ನ ಇನ್ನೊಂದು. ಟ್ರೇಲರ್ ಕಳಚಿಹೋದರೆ ತಾನೇ ಬ್ರೇಕ್ ಹಿಡಿಯಲಿ ಅಂತ ಬ್ರೇಕ್‌ಅವೇ ಸ್ವಿಚ್ ಇರುತ್ತದೆ, ಅದಕ್ಕೊಂದು ಸಣ್ಣ ಬ್ಯಾಟರಿ ಇರುತ್ತದೆ. ಅದರ ತಂತಿಯನ್ನು ಸೇಫ್ಟಿ ಚೈನಿಗಲ್ಲ, ಜೀಪಿಗೇ ಸಿಕ್ಕಿಸಿ. ಪರೀಕ್ಷೆ ಮಾಡಲು ಮೊದಲು ಏಳು ಪಿನ್ನಿನ ಪ್ಲಗ್ ಕಳಚಿ, ಆಮೇಲೆ ಸ್ವಿಚ್ಚಿನ ಪಿನ್ ಎಳೆದು ಟ್ರೇಲರನ್ನು ಮುಂದಕ್ಕೆ ಎಳೆಯಲು ನೋಡಿ. ಗಾಲಿ ತಿರುಗಿತೋ, ಆ ಬ್ಯಾಟರಿ ಸತ್ತಿದೆ ಅಥವಾ ವೈರ್ ಕಿತ್ತಿದೆ. ಆವತ್ತು ಪ್ರವಾಸ ಬೇಡ.