ಕೋವಿಡ್ ಕಾಲಕ್ಕೆ ನಿಂತುಹೋದ ಲೈಸೆನ್ಸ್: ಈಗ ಮುಗಿಸುವುದು ಹೇಗೆ?

2020ರ ಆರಂಭದಲ್ಲಿ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಮಾರ್ಚ್ 25ರ ಲಾಕ್‌ಡೌನ್ ಬಂದಾಗ ಕಾರು ಕಲಿಯುವುದನ್ನು ಅರ್ಧಕ್ಕೇ ಬಿಟ್ಟವರಿದ್ದಾರೆ. ಆಗ ಕೇಂದ್ರ ಸಾರಿಗೆ ಸಚಿವಾಲಯವು ಫೆಬ್ರುವರಿ 1ರ ನಂತರ ಅವಧಿ ಮುಗಿದ ದಾಖಲೆಗಳ ಮಾನ್ಯತೆಯನ್ನು ಕಂತು ಕಂತಾಗಿ ಮುಂದೂಡಿತು. ಕೊನೆಯ ಗಡುವು 2021ರ ಅಕ್ಟೋಬರ್ 31. ಆ ಹಳೆಯ ಎಲ್‌ಎಲ್‌ಆರ್ ಈಗ ಯಾವ ಲೆಕ್ಕಕ್ಕೂ ಇಲ್ಲ, ಹೊಸದೇ ಬೇಕು. ಡಿಎಲ್ (ಪೂರ್ಣ ಚಾಲನಾ ಲೈಸೆನ್ಸ್) ನವೀಕರಿಸಲು ಮರೆತವರ ಪಾಡೂ ಹೆಚ್ಚುಕಡಿಮೆ ಅದೇ: ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಚಾಲನಾ ಪರೀಕ್ಷೆ ಪಾಸಾಗಬೇಕು.

ಅರ್ಜಿ ಸುಲಭ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ನಿಮ್ಮ ತಾಲ್ಲೂಕು ಸೇರುವ ಆರ್‌ಟಿಒ ಆರಿಸಿ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರ ಕೆಎ-30, ಶಿರಸಿ ಕೆಎ-31, ಹೊನ್ನಾವರ ಕೆಎ-47, ದಾಂಡೇಲಿ ಕೆಎ-65. ಕೇಂದ್ರ ನಿಯಮದಂತೆ ಎಲ್‌ಎಲ್‌ಆರ್‌ಗೆ ಪ್ರತಿ ವರ್ಗದ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ವಯಸ್ಸು 40 ದಾಟಿದ್ದರೆ ವೈದ್ಯರು ಸಹಿ ಹಾಕಿದ ನಮೂನೆ 1ಎ (ವೈದ್ಯಕೀಯ ಪ್ರಮಾಣಪತ್ರ) ಕೂಡ ಬೇಕು. 2021ರ ಮಾರ್ಚ್‌ನಲ್ಲಿ ಆಧಾರ್ ಮೂಲಕ ಆನ್‌ಲೈನ್‌ಗೆ ಬಂದ 18 ಸೇವೆಗಳಲ್ಲಿ ಎಲ್‌ಎಲ್‌ಆರ್ ಕೂಡ ಒಂದು. ಸಾಂಕ್ರಾಮಿಕದ ಕಾಲ ಬಿಟ್ಟುಹೋದ ಒಳ್ಳೆಯದೆಂದರೆ ಇದೇ ಇರಬೇಕು. ಎಲ್‌ಎಲ್‌ಆರ್ ಪರೀಕ್ಷೆಯ ಪ್ರಶ್ನೆಗಳಲ್ಲಿ ಶೇ 60ಕ್ಕೆ ಸರಿಯುತ್ತರ ಬೇಕು. ನೆಟ್‌ವರ್ಕ್ ಗಟ್ಟಿಯಾಗಿ ಸಿಗುವಲ್ಲಿ ಕೂತು ಬರೆಯಿರಿ.

ಎಲ್‌ಎಲ್‌ಆರ್ ಬಾಳುವುದು ಆರು ತಿಂಗಳು, ಚಾಲನಾ ಪರೀಕ್ಷೆಗೆ ಮೊದಲ 30 ದಿನ ಕಾಯಬೇಕು. ನಮ್ಮ ಕಡೆ ಮಳೆಗಾಲದ ಲೆಕ್ಕ ಬೇರೆ ಇದೆಯಲ್ಲ! ಅಕ್ಟೋಬರ್‌ನಲ್ಲಿ ಮಾಡಿಸಿದರೆ ಒಣ ರಸ್ತೆಯಲ್ಲೇ ಎಲ್ಲ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಮಾಡಿಸಿದರೆ ಆ ಅವಧಿಯ ಬಹುಪಾಲು ಮಳೆಗೇ ಹೋಗುತ್ತದೆ.

ಡ್ರೈವಿಂಗ್ ಸ್ಕೂಲಿಗೆ ಸೇರುವಾಗ ಒಂದು ಮಾತು ಕೇಳಿ. ಲಘು ವಾಹನಕ್ಕೆ ನಿಯಮದಲ್ಲಿರುವುದು 21 ದಿನ, ಕನಿಷ್ಠ 10 ತಾಸು ಸ್ಟೇರಿಂಗ್ ಹಿಡಿದ ಚಾಲನೆ. ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿ ಸರದಿಯಲ್ಲಿ ಓಡಿಸಿದರೆ, ಹಿಂದಿನ ಸೀಟಿನಲ್ಲಿ ಕೂತ ಹೊತ್ತು ಆ ಹತ್ತು ತಾಸಿಗೆ ಸೇರುವುದಿಲ್ಲ. ಸ್ವಂತ ಕಾರಿನಲ್ಲಿ ಕಲಿಯುವುದಾದರೆ ಪಕ್ಕದಲ್ಲಿ ಡಿಎಲ್ ಇದ್ದವರು ಕೂತಿರಬೇಕು, ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು: ಬಿಳಿ ಹಿನ್ನೆಲೆ, 18 ಸೆಂ.ಮೀ. ಚೌಕ, ಕೆಂಪು ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ.

ಬಹಳ ದಿನ ಬಿಟ್ಟವರ ಕೈ ಮೊದಲು ಮರೆಯುವುದು ಏರಿನಲ್ಲಿ ನಿಲ್ಲಿಸಿ ಹೊರಡುವುದನ್ನು. ಚಾಲನಾ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದೂ ಅದನ್ನೇ, ಕಾರು ಹಿಂದೆ ಜಾರಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಕ್ಲಚ್ ಒತ್ತಿ ಮೊದಲ ಗೇರ್ ಹಾಕಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಇಂಜಿನ್ ಸದ್ದು ಕುಗ್ಗಿ ಕಾರಿನ ಮೂತಿ ತುಸು ಮೇಲೇಳುವವರೆಗೆ ಕ್ಲಚ್ ಬಿಡಿ, ಅಲ್ಲೇ ಪಾದ ನಿಲ್ಲಿಸಿ, ಇದೇ ಹಾಫ್ ಕ್ಲಚ್. ಆಮೇಲೆಯೇ ಹ್ಯಾಂಡ್‌ಬ್ರೇಕ್ ಇಳಿಸುವುದು. ಮೂತಿ ಏಳುವ ಮೊದಲೇ ಇಳಿಸಿದರೆ ಕಾರು ಹಿಂದಕ್ಕೆ ಜಾರುತ್ತದೆ. ಕ್ಲಚ್ ಒಮ್ಮೆಲೇ ಬಿಟ್ಟರೆ ಇಂಜಿನ್ ಬಂದ್. ಸುಟ್ಟ ವಾಸನೆ ಬಂದರೆ ಹಾಫ್ ಕ್ಲಚ್‌ನಲ್ಲಿ ಆಕ್ಸಿಲರೇಟರ್ ಜಾಸ್ತಿಯಾಗಿದೆ ಎಂದರ್ಥ, ಐದು ನಿಮಿಷ ನಿಲ್ಲಿಸಿ. ಇಂಜಿನ್ ಬಂದ್ ಆದಾಗ ಕೀಲಿಗೆ ಕೈಹಾಕುವ ಮೊದಲು ಕಾಲು ಬ್ರೇಕ್ ಮೇಲಿರಲಿ. ಅಭ್ಯಾಸಕ್ಕೆ ಊರಿನ ಖಾಲಿ ದಿಬ್ಬ ಸಾಕು. ಲಾರಿ ಓಡಾಡುವ ದೇವಿಮನೆ, ಅರಬೈಲ್ ಘಟ್ಟಗಳು ಡಿಎಲ್ ಬಂದ ಮೇಲೆ.

ಇಷ್ಟು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಕಾರಾದರೆ ಕಲಿಯುವ ಮೊದಲೇ ಗ್ಯಾರೇಜಿಗೆ ಕಳಿಸಿ. ಕರಾವಳಿಯ ಉಪ್ಪು ಗಾಳಿಗೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದಿರುತ್ತದೆ, ಬ್ಯಾಟರಿಯಂತೂ ಸತ್ತಿರುತ್ತದೆ.

ಪರೀಕ್ಷೆಯ ದಿನ ಎಲ್‌ಎಲ್‌ಆರ್ ಜೊತೆಗೆ ವಾಹನದ ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ಇರಲಿ. ಪರೀಕ್ಷೆಗೆ ಪ್ರತಿ ವರ್ಗಕ್ಕೆ 300, ಡಿಎಲ್‌ಗೆ 200 ರೂಪಾಯಿ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಅಷ್ಟರಲ್ಲಿ ಎಲ್‌ಎಲ್‌ಆರ್‌ನ ಆರು ತಿಂಗಳು ಮುಗಿಯದಂತೆ ಮೊದಲ ಪರೀಕ್ಷೆಯನ್ನು ಎರಡನೇ ತಿಂಗಳಲ್ಲೇ ಬುಕ್ ಮಾಡಿ.