ಕೇಳಬೇಡಿ, ಆಡಲು ಬಿಡಿ: ವಾರಕ್ಕೆ 30 ನಿಮಿಷ

‘ಯಾಕೆ ಸಪ್ಪಗಿದ್ದೀಯಾ?’ ಎಂದರೆ ಐದು ವರ್ಷದ ಮಗುವಿನ ಉತ್ತರ ‘ಏನಿಲ್ಲ’. ಅದು ಮುಚ್ಚಿಡುತ್ತಿದೆ ಎಂದುಕೊಳ್ಳಬೇಡಿ. ಒಳಗಿನ ಕಸಿವಿಸಿಗೆ ಹೆಸರು ಹುಡುಕಿ, ಕಾರಣ ಜೋಡಿಸಿ ಹೇಳುವಷ್ಟು ಮಾತು ಆ ವಯಸ್ಸಿಗೆ ಇನ್ನೂ ಕೂಡಿಬಂದಿರುವುದಿಲ್ಲ. ಅದೇ ಮಗು ಸಂಜೆ ಗೊಂಬೆಯೊಂದನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿ, ‘ಎಷ್ಟು ಕೂಗಿದ್ರೂ ಯಾರೂ ಬರಲ್ಲ’ ಎನ್ನಬಹುದು. ಆಟದ ಮೂಲಕವೇ ಮಗುವಿನ ಮನಸ್ಸಿಗೆ ಚಿಕಿತ್ಸೆ ಕೊಡುವ ಕ್ರಮವಾದ ಪ್ಲೇ ಥೆರಪಿ ಕಿವಿಗೊಡುವುದು ಈ ಎರಡನೆಯ ಮಾತಿಗೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಇದರ ಎಂಟು ಸೂತ್ರಗಳನ್ನು ಬರೆದಿಟ್ಟರು. ತಿರುಳು ಇಷ್ಟೇ: ದಾರಿ ತೋರಿಸುವುದು ಮಗು, ಹಿಂದೆ ನಡೆಯುವುದು ದೊಡ್ಡವರು. 1960ರ ದಶಕದಲ್ಲಿ ಅಲ್ಲಿನವರೇ ಆದ ಮನಶ್ಶಾಸ್ತ್ರಜ್ಞರು ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಈ ಕ್ರಮವನ್ನು ಅಪ್ಪ ಅಮ್ಮಂದಿರಿಗೇ ಕಲಿಸತೊಡಗಿದರು. ಸುಮಾರು 3ರಿಂದ 10 ವರ್ಷದ ಮಕ್ಕಳೊಂದಿಗೆ ಮನೆಯಲ್ಲಿ ಮಾಡಬಹುದಾದ ಅದರ ಸರಳ ರೂಪ ಇಲ್ಲಿದೆ.

ಮೊದಲು ಸಾಮಾನು

ಒಂದು ಚೀಲಕ್ಕೆ ಸಾಕಾಗುವಷ್ಟು ಇದ್ದರೆ ಸಾಕು. ದಿನನಿತ್ಯದ ಬದುಕು ಆಡಲು ನಾಲ್ಕೈದು ಜನರ ಗೊಂಬೆ ಕುಟುಂಬ, ಕೂಸಿನ ಗೊಂಬೆ, ಡಾಕ್ಟರ್ ಸೆಟ್, ಎರಡು ಆಟದ ಫೋನು, ಪುಟ್ಟ ಪಾತ್ರೆಗಳು. ಸಿಟ್ಟು, ಭಯ ಆಡಲು ಹಲ್ಲು ತೋರಿಸುವ ಒಂದೆರಡು ಪ್ರಾಣಿ, ಸೈನಿಕರು, ಒಂದು ದಿಂಬು. ಕೈಯಿಂದ ಏನಾದರೂ ಮಾಡಲು ಖಾಲಿ ಹಾಳೆ, ಕ್ರೆಯಾನ್, ಮೊಂಡು ತುದಿಯ ಕತ್ತರಿ, ಕ್ಲೇ. ಕ್ಲೇ ಇಲ್ಲದಿದ್ದರೆ 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು ಬೆರೆಸಿ, ಸುಮಾರು 1 ಲೋಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ನಾದಿ. ಮಗುವಿನ ಕೈಯಲ್ಲಿ ಗಾಯವಿದ್ದ ದಿನ ಇದನ್ನು ಕೊಡಬೇಡಿ, ಉಪ್ಪು ಉರಿಯುತ್ತದೆ.

ಮೊಬೈಲ್, ಬ್ಯಾಟರಿ ಆಟಿಕೆ, ಸೋಲು ಗೆಲುವಿನ ಆಟ ಬೇಡ. ಬಟನ್ ಒತ್ತಿದರೆ ತಾನೇ ಹಾಡುವ ಗೊಂಬೆಗೆ ಮಗು ತನ್ನ ಮಾತು ಕೊಡಲಾಗದು. ಈ ಚೀಲ ಆ ಅರ್ಧ ಗಂಟೆಗಷ್ಟೇ ಹೊರಬರಬೇಕು.

ಜಾಗ, ಹೊತ್ತು

ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, 30 ನಿಮಿಷ. ಒಂದು ಮಗು, ಒಬ್ಬರು ದೊಡ್ಡವರು. ಅಣ್ಣ ತಂಗಿಯರಿಗೆ ಬೇರೆ ಸರದಿ. ಹೋಮ್‌ವರ್ಕ್ ಮಾಡಲಿಲ್ಲ, ಹಟ ಮಾಡಿತು ಎಂದು ಈ ಹೊತ್ತನ್ನು ಕಿತ್ತುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಳ್ಳೆಯ ಮಕ್ಕಳಿಗಷ್ಟೇ ಸಿಗುವ ಬಹುಮಾನ ಇದು ಎಂದು ಗೊತ್ತಾದರೆ ಮಗು ಒಳ್ಳೆಯದನ್ನಷ್ಟೇ ಆಡಿ ತೋರಿಸುತ್ತದೆ.

ಶುರು ಮಾಡುವಾಗ ಹೀಗೆ ಹೇಳಿ: ‘ಇದು ನಮ್ಮಿಬ್ಬರ ಆಟದ ಹೊತ್ತು. ಇದರಲ್ಲಿ ಹೆಚ್ಚುಕಡಿಮೆ ನಿನಗೆ ಬೇಕಾದ ಹಾಗೆ ಆಡಬಹುದು.’ ಆ ‘ಹೆಚ್ಚುಕಡಿಮೆ’ ಬಿಡಬೇಡಿ, ಮುಂದೆ ಗಡಿ ಹಾಕುವಾಗ ಬೇಕಾಗುತ್ತದೆ.

ಆಟ ನಡೆಯುವಾಗ

ಕಷ್ಟದ ಭಾಗ ಇದು. ದೊಡ್ಡವರ ಬಾಯಿಗೆ ತಾನಾಗಿ ಬರುವುದು ಪ್ರಶ್ನೆ, ಪಾಠ ಮತ್ತು ಶಹಬ್ಬಾಸ್. ಮೂರೂ ಇಲ್ಲಿ ಅಡ್ಡ ಬರುತ್ತವೆ. ಕೇಳುವ ಬದಲು ಕಂಡದ್ದನ್ನು ಹೇಳಿ: ‘ಅವನ್ನೆಲ್ಲ ಸಾಲಾಗಿ ನಿಲ್ಲಿಸ್ತಿದ್ದೀಯಾ.’ ಮಗು ಹೆಸರಿಡುವ ತನಕ ನೀವು ಯಾವುದಕ್ಕೂ ಹೆಸರಿಡಬೇಡಿ. ನಿಮ್ಮ ಕಣ್ಣಿಗೆ ಕಾರು ಎಂದು ಕಂಡದ್ದು ಅದಕ್ಕೆ ಆಂಬುಲೆನ್ಸೋ ಹಾಸಿಗೆಯೋ ಆಗಿರಬಹುದು. ‘ಇದೇನು?’ ಎಂದು ನಿಮ್ಮನ್ನೇ ಕೇಳಿದರೆ, ‘ನೀನು ಏನು ಅಂತೀಯೋ ಅದು.’

ಭಾವನೆ ಕಂಡರೆ ಅದನ್ನೂ ಹೇಳಿ, ಆದರೆ ಗೊಂಬೆಯ ಮೇಲಿಟ್ಟೇ ಹೇಳಿ. ‘ಆ ಮರಿಗೆ ಒಬ್ಬಳೇ ಇರೋಕೆ ತುಂಬ ಭಯ ಆಗ್ತಿದೆ’ ಎಂದರೆ ಆಟ ಮುಂದುವರಿಯುತ್ತದೆ. ‘ನಿನಗೂ ಹಾಗೇ ಆಗುತ್ತಾ?’ ಎಂದು ಕೇಳಿದ ಕೂಡಲೇ ಮರಿ ಮಾಯ, ಆಟ ಅಲ್ಲಿಗೆ ನಿಲ್ಲುತ್ತದೆ. ಗೊಂಬೆಯ ಮರೆ ಇರುವುದರಿಂದಲೇ ಮಗು ಅಷ್ಟು ಹೇಳಿದ್ದು. ಹಾಗೆಂದು ಬಿಡುವಿಲ್ಲದೆ ವೀಕ್ಷಕ ವಿವರಣೆ ಕೊಡುತ್ತಿದ್ದರೆ ‘ಯಾಕೆ ಹೀಗೆ ಮಾತಾಡ್ತೀಯಾ?’ ಎಂದು ಮಗುವೇ ಗದರುತ್ತದೆ. ಸುಮ್ಮನೆ ನೋಡುತ್ತಾ ಕೂರುವುದೂ ಕೆಲಸವೇ.

ನಿಮಗೆ ಪಾತ್ರ ಕೊಟ್ಟರೆ ಮಾತ್ರ ಒಂದು ಪ್ರಶ್ನೆಗೆ ಅವಕಾಶವಿದೆ. ದನಿ ತಗ್ಗಿಸಿ, ‘ಈಗ ಟೀಚರ್ ಏನು ಹೇಳಬೇಕು?’ ಎಂದು ಪಿಸುಗುಟ್ಟಿ. ಮಗು ಹೇಳಿದ್ದನ್ನಷ್ಟೇ ಆಡಿ.

ಆಸ್ಪತ್ರೆಯಿಂದ ಬಂದ ಮಗು ಕರಡಿಗೆ ವಾರಗಟ್ಟಲೆ ಸೂಜಿ ಚುಚ್ಚುತ್ತಿರಬಹುದು. ತಡೆಯಬೇಡಿ. ಅಲ್ಲಿ ಅದರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ಸಿರಿಂಜು ಅದರ ಕೈಯಲ್ಲಿದೆ. ಆಟ ಸ್ವಲ್ಪವಾದರೂ ಬದಲಾಗುತ್ತಿದೆಯೇ ನೋಡಿ: ಒಂದು ದಿನ ಕರಡಿ ಅತ್ತೀತು, ಇನ್ನೊಂದು ದಿನ ಯಾರೋ ಅದಕ್ಕೆ ಬ್ಯಾಂಡೇಜ್ ಸುತ್ತಿಯಾರು.

ಹೊಡೆಯಲು ಬಂದರೆ

ನಿಯಮಗಳ ಪಟ್ಟಿಯನ್ನು ಮೊದಲೇ ಓದಬೇಡಿ, ಬೇಕಾದಾಗ ಹೇಳಿ. ಕ್ರಮ ಮುಖ್ಯ: ‘ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ. ನನಗೆ ಹೊಡೆಯೋ ಹಾಗಿಲ್ಲ. ಆ ದಿಂಬಿಗೆ ಹೊಡೀಬಹುದು.’ ಭಾವನೆ, ಗಡಿ, ಬೇರೆ ದಾರಿ. ಗಡಿ ಮೊದಲು ಬಂದರೆ ‘ಬೇಡ’ ಎಂಬುದೊಂದೇ ಕಿವಿಗೆ ಬೀಳುತ್ತದೆ. ಮೂರು ಸಲ ಹೇಳಿದರೂ ನಿಲ್ಲದಿದ್ದರೆ, ಇನ್ನೊಮ್ಮೆ ಹೊಡೆದರೆ ಇವತ್ತಿನ ಆಟ ಮುಗಿಯುತ್ತದೆ ಎಂದು ತಿಳಿಸಿ. ಹೊಡೆದರೆ ಸಿಟ್ಟಾಗದೆ ಮುಗಿಸಿ. ಅಂದಹಾಗೆ, ದಿಂಬು ಗುದ್ದಿದರೆ ಸಿಟ್ಟು ಖಾಲಿಯಾಗುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಸಂಶೋಧನೆಯ ಬೆಂಬಲವಿಲ್ಲ. ಇಲ್ಲಿ ಕೆಲಸ ಮಾಡುವುದು ಸಿಟ್ಟಿಗೆ ಸಿಕ್ಕ ಹೆಸರು ಮತ್ತು ಕದಲದ ಗಡಿ.

ಮುಗಿಸುವುದು

ಇನ್ನು 5 ನಿಮಿಷ ಎಂದು ಒಮ್ಮೆ, 1 ನಿಮಿಷ ಎಂದು ಒಮ್ಮೆ ಹೇಳಿ, ಹೊತ್ತಿಗೆ ಸರಿಯಾಗಿ ಏಳಿ. ಸಾಮಾನು ಎತ್ತಿಡುವುದು ನಿಮ್ಮ ಕೆಲಸ. ಆಟದಲ್ಲಿ ಕಂಡದ್ದನ್ನು ಊಟದ ಹೊತ್ತಿನಲ್ಲಿ ಮನೆಮಂದಿಗೆ ಹೇಳಿ ನಗಬೇಡಿ. ಮುಂದಿನ ವಾರ ಆ ಗೊಂಬೆ ಚೀಲದಿಂದ ಹೊರಬರದೆ ಇರಬಹುದು. ಅರ್ಥ ಹಚ್ಚುವ ಆತುರವೂ ಬೇಡ. ಕಪ್ಪು ಬಣ್ಣ ಬಳಿದರೆ ದುಃಖವೆಂದೇನಲ್ಲ, ಕೈಗೆ ಹತ್ತಿರ ಸಿಕ್ಕ ಕ್ರೆಯಾನ್ ಅದೇ ಆಗಿರಬಹುದು.

ಇದು ಚಿಕಿತ್ಸೆಗೆ ಬದಲಿಯಲ್ಲ. ಒಂದೇ ಆಟ ಚೂರೂ ಬದಲಾಗದೆ, ಖುಷಿಯಿಲ್ಲದೆ ಮರುಕಳಿಸುತ್ತಿದ್ದರೆ, ಮಗು ತನಗೋ ಪ್ರಾಣಿಗಳಿಗೋ ನೋವು ಮಾಡುತ್ತಿದ್ದರೆ, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ, ತರಬೇತಾದ ಚಿಕಿತ್ಸಕರ ಬಳಿ ಹೋಗಿ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಗೊಂಬೆ ಹಿಡಿದು ನೀವೇ ವಿಚಾರಿಸಲು ಹೊರಡಬೇಡಿ. ಉತ್ತರವನ್ನೂ ಹೇಳಿಕೊಡುವಂಥ ಪ್ರಶ್ನೆಗಳು ಮಗುವಿನ ನೆನಪನ್ನೇ ಕಲಕಬಲ್ಲವು. ಚಿಕಿತ್ಸಕರು ಸಾಮಾನ್ಯವಾಗಿ ಮೊದಲು ಹೆತ್ತವರನ್ನಷ್ಟೇ ಕರೆದು ಮಾತಾಡಿಸುತ್ತಾರೆ. ನಂತರದ ಭೇಟಿಗಳಲ್ಲಿ ಮಗುವಿನ ಆಟ ಎತ್ತ ಸಾಗುತ್ತಿದೆ ಎಂದು ತಿಳಿಸುತ್ತಾರೆ. ಯಾವ ಗೊಂಬೆ ಏನು ಹೇಳಿತು ಎಂಬುದನ್ನು, ಮಗುವಿನ ಸುರಕ್ಷತೆಯ ಪ್ರಶ್ನೆ ಬಂದ ಹೊರತು, ಹೇಳುವುದಿಲ್ಲ.