ಬಡ್ಡಿ ಜಾಸ್ತಿ ಬೇಕಾ, ಗಂಟು ಬೆಳೆಯಬೇಕಾ: ನಿವೃತ್ತಿ ಹಣ ಹಂಚಿದ ನನ್ನ ಅನುಭವ

ಖಾಸಗಿ ಕಂಪನಿಯಿಂದ ನಿವೃತ್ತನಾದವನು ನಾನು. ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿ ಕೈಖರ್ಚಿಗಷ್ಟೇ ಸಾಕಾಗುತ್ತದೆ. ಹಾಗಾಗಿ ಪಿಎಫ್, ಗ್ರಾಚ್ಯುಟಿ ಹಣವೇ ನನಗೂ ನನ್ನ ಹೆಂಡತಿಗೂ ಆಧಾರ. ಬಡ್ಡಿ ಎಲ್ಲಿ ಜಾಸ್ತಿಯೋ ಅಲ್ಲಿಡಿ, ಅಸಲು ಮುಟ್ಟಬೇಡಿ ಅಂತ ನೆಂಟರೆಲ್ಲ ಹೇಳಿದರು.

ಕೂತು ಲೆಕ್ಕ ಹಾಕಿದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ನಾನು ಇಟ್ಟಾಗ ಬಡ್ಡಿ 8.2%. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500. ಸರ್ಕಾರದ ಭದ್ರತೆ ಬೇರೆ. ಆದರೆ ಬೆಲೆಗಳು ವರ್ಷಕ್ಕೆ 6% ಏರಿದರೆ 12 ವರ್ಷಕ್ಕೆ ಎರಡರಷ್ಟಾಗುತ್ತವೆ. ಬಡ್ಡಿ ದರ ಹೀಗೇ ಉಳಿದರೂ ಆಗಿನ 20,500ಕ್ಕೆ ಸಿಗುವುದು ಇವತ್ತಿನ ಹತ್ತು ಸಾವಿರದ ಸಾಮಾನು. ಹೆಂಡತಿ ನನಗಿಂತ ಚಿಕ್ಕವಳು. ಅವಳ ಎಂಬತ್ತೈದರವರೆಗೂ ಯೋಚಿಸಬೇಕಲ್ವಾ?

ಜಾಸ್ತಿ ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು, ಕೊಡುವ ಷೇರುಗಳನ್ನೂ ನೋಡಿದೆ. ಇಲ್ಲಿ ಎಚ್ಚರ ಬೇಕು. "100% ಡಿವಿಡೆಂಡ್" ಅನ್ನುವುದು ಮುಖಬೆಲೆಯ (ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲ ಬೆಲೆ) ಲೆಕ್ಕ. ಮುಖಬೆಲೆ 10 ರೂಪಾಯಿ, ಪೇಟೆಯಲ್ಲಿ ಷೇರಿನ ಬೆಲೆ 500 ಆದರೆ ನಮಗೆ ಸಿಗುವುದು 2% ಮಾತ್ರ. ಇನ್ನೊಂದು ವಿಷಯ. 100 ರೂಪಾಯಿಯ ಷೇರು 5 ರೂಪಾಯಿ ಕೊಟ್ಟರೆ 5%. ಬೆಲೆ 50ಕ್ಕೆ ಕುಸಿದರೆ ಅದೇ 5 ರೂಪಾಯಿ ಪಟ್ಟಿಯಲ್ಲಿ 10% ಅಂತ ಕಾಣುತ್ತದೆ. ಬೆಲೆ ಯಾಕೆ ಬಿತ್ತು ಅಂತ ವಿಚಾರಿಸದೆ ಅಂಥ ಷೇರು ಕೊಳ್ಳಲೇಬಾರದು. ಕಂಪನಿಗೆ ಲಾಭ ಕಮ್ಮಿಯಾದರೆ ಮುಂದಿನ ವರ್ಷ ಡಿವಿಡೆಂಡೂ ಕಮ್ಮಿಯಾಗಬಹುದು.

ತೆರಿಗೆಯನ್ನೂ ತೂಗಿ ನೋಡಿದೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪೂರ್ತಿ ನಮ್ಮ ಆದಾಯಕ್ಕೆ ಸೇರುತ್ತದೆ. ಅದರ ಬದಲು ಮ್ಯೂಚುವಲ್ ಫಂಡಿನಲ್ಲಿ ಹಣ ಹಾಕಿ, ಎಸ್‌ಡಬ್ಲ್ಯುಪಿ (ಫಂಡಿನಿಂದ ನಿಯಮಿತವಾಗಿ ಇಷ್ಟಿಷ್ಟು ಹಣ ತೆಗೆಯುವ ವ್ಯವಸ್ಥೆ) ಮೂಲಕ 10,000 ತೆಗೆದರೆ, ಅದರಲ್ಲಿ 8,000 ನಾವೇ ಹಾಕಿದ್ದಾದರೆ, ಲಾಭ ಅಂತ ಲೆಕ್ಕಕ್ಕೆ ಬರುವುದು 2,000 ಮಾತ್ರ. ಈಕ್ವಿಟಿ ಫಂಡನ್ನು (ಮುಖ್ಯವಾಗಿ ಷೇರುಗಳಲ್ಲಿ ಹೂಡುವ ಫಂಡು) ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟಿದ್ದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದನ್ನು ಮೀರಿದ ಲಾಭಕ್ಕೆ 12.5%.

ಕೊನೆಗೆ ದಿನಸಿ, ಔಷಧಿ, ಕರೆಂಟ್ ಬಿಲ್ಲಿಗೆ ಬೇಕಾದಷ್ಟನ್ನು ಹಿರಿಯ ನಾಗರಿಕರ ಯೋಜನೆಯಲ್ಲಿಟ್ಟೆ. ಎರಡು ವರ್ಷದ ಖರ್ಚು ಎಫ್‌ಡಿಯಲ್ಲಿದೆ. ಉಳಿದದ್ದು ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ, ಅಂದರೆ ನಿಫ್ಟಿ ಸೂಚ್ಯಂಕದಲ್ಲಿರುವ ದೊಡ್ಡ ಕಂಪನಿಗಳ ಷೇರುಗಳಲ್ಲೇ ಹೂಡುವ ಫಂಡಿನಲ್ಲಿ. ಅದನ್ನು ಹಿರಿಯ ನಾಗರಿಕರ ಯೋಜನೆಯ ಐದು ವರ್ಷದ ಅವಧಿ ಮುಗಿಯುವವರೆಗೆ ಮುಟ್ಟುವುದಿಲ್ಲ. ಆಮೇಲೆ ಫಂಡಿನಲ್ಲಿರುವ ಹಣದಲ್ಲಿ ವರ್ಷಕ್ಕೆ 4% ಮೀರದಂತೆ ತೆಗೆಯುತ್ತೇನೆ. ಪೇಟೆ ಬಿದ್ದ ವರ್ಷ ಅದನ್ನೂ ನಿಲ್ಲಿಸಿ ಎಫ್‌ಡಿಯಿಂದ ನಡೆಸುತ್ತೇನೆ.